ತಲೆ ಕೊಯ್ಯುವ ಟೋಪಿ, ಉದ್ದವಾಗುವ ಕೈ: ಹಳೆಯ ಕುಂಗ್‌ಫು ಸಿನಿಮಾ ನೋಡುವ ಬಗೆ

ಜುಲೈ ತಿಂಗಳ ಮಡಿಕೇರಿ. ಗಾಳಿಗೆ ಎಲ್ಲೋ ಮರ ಬಿದ್ದು ಸಂಜೆಯೇ ಕರೆಂಟ್ ಹೋಗಿತ್ತು. ತಗಡಿನ ಮಾಡಿನ ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿತ್ತು. ಪಿಯುಸಿ ಓದುವ ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಲ್ಯಾಪ್‌ಟಾಪ್‌ನ ಬ್ಯಾಟರಿ ಇರುವಷ್ಟು ಹೊತ್ತು ನೋಡೋಣವೆಂದು 1976ರ ಒಂದು ಕುಂಗ್‌ಫು ಸಿನಿಮಾ ಹಾಕಿದೆ. ಬೆಟ್ಟದ ಮೇಲಿನ ಗುಡಿಸಲಿನಲ್ಲಿ ಒಬ್ಬ ಕುರುಡ ಮುದಿ ಸನ್ಯಾಸಿ. ಅವನ ಇಬ್ಬರು ಶಿಷ್ಯರನ್ನು ಒಂಟಿಗೈಯವನೊಬ್ಬ ಕೊಂದಿದ್ದಾನೆಂಬ ಸುದ್ದಿ ಬರುತ್ತದೆ. ಸನ್ಯಾಸಿ ಗರ್ಜಿಸಿ, ಗುಡಿಸಲಿನ ಮಾಡನ್ನೇ ಸೀಳಿಕೊಂಡು ಆಕಾಶಕ್ಕೆ ಚಿಮ್ಮುತ್ತಾನೆ. ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾಮ, ಬಾಗಿಲು ಇತ್ತಲ್ಲ!"

ಒಳ್ಳೆಯ ಪ್ರಶ್ನೆ. ಬಾಗಿಲು ಇದ್ದೂ ಆತ ಮಾಡು ಒಡೆದು ಬಂದದ್ದೇಕೆ ಎಂಬುದು ಅರ್ಥವಾದರೆ ಈ ಬಗೆಯ ಸಿನಿಮಾದ ಮುಕ್ಕಾಲು ಪಾಲು ಅರ್ಥವಾದಂತೆ. ಉಳಿದ ಕಾಲು ಪಾಲು ಕ್ಯಾಮೆರಾ, ಹಗ್ಗ ಮತ್ತು ಶಬ್ದದ ಕೈಚಳಕ. ಎರಡನ್ನೂ ಬಿಡಿಸಿ ಹೇಳುತ್ತೇನೆ. ಇಂಥ ಚಿತ್ರಗಳನ್ನು ಮೂವತ್ತು ವರ್ಷಗಳಿಂದ ಪ್ರೀತಿಯಿಂದ ನೋಡುತ್ತಾ ಬಂದವನು ನಾನು. ಅವುಗಳನ್ನು ಕೇವಲ ಗೇಲಿ ಮಾಡಲು ನೋಡುವವರಿಗೆ ದೊಡ್ಡದೊಂದು ಸುಖ ತಪ್ಪಿಹೋಗುತ್ತದೆ ಎಂಬ ಸಂಕಟ ನನ್ನದು.

ಚಿತ್ರದ ಹೆಸರು 'ಮಾಸ್ಟರ್ ಆಫ್ ದ ಫ್ಲೈಯಿಂಗ್ ಗಿಲೊಟಿನ್'. ನಿರ್ದೇಶಿಸಿ, ನಾಯಕನಾಗಿ ನಟಿಸಿದವರು ಜಿಮ್ಮಿ ವಾಂಗ್ ಯೂ. ಮೊದಲು ಈಜುಪಟುವಾಗಿದ್ದ ಇವರು ಹಾಂಗ್‌ಕಾಂಗಿನ ಶಾ ಬ್ರದರ್ಸ್ ಸ್ಟುಡಿಯೊಗೆ ಸೇರಿ, 1967ರ 'ಒನ್ ಆರ್ಮ್‌ಡ್ ಸ್ವೋರ್ಡ್ಸ್‌ಮನ್' ಚಿತ್ರದಿಂದ ತಾರೆಯಾದರು. ಮುಂದೆ ಸ್ಟುಡಿಯೊ ಬಿಟ್ಟು ತೈವಾನಿಗೆ ಹೋಗಿ ತಮ್ಮದೇ ಚಿತ್ರಗಳನ್ನು ಮಾಡಿದರು. ಈ ಚಿತ್ರದಲ್ಲೂ ಅವರದು ಒಂಟಿಗೈಯ ಪಾತ್ರವೇ. ಇನ್ನೊಂದು ಕೈಯನ್ನು ಅಂಗಿಯೊಳಗೆ ಮಡಚಿ ಇಟ್ಟುಕೊಂಡಿರುವುದು ಕಣ್ಣಿಟ್ಟು ನೋಡುವವರಿಗೆ ತಿಳಿಯುತ್ತದೆ. ಸನ್ಯಾಸಿಯ ಆಯುಧ ಟೋಪಿಯ ಆಕಾರದ್ದು, ಒಳಗೆ ಅಲಗುಗಳ ಸುತ್ತು, ಹಿಂದೆ ಉದ್ದನೆಯ ಸರಪಳಿ. ಬೀಸಿ ಎಸೆದರೆ ಶತ್ರುವಿನ ತಲೆಯ ಮೇಲೆ ಕೂರುತ್ತದೆ, ಸರಪಳಿ ಎಳೆದರೆ ತಲೆಯೊಂದಿಗೆ ವಾಪಸು ಬರುತ್ತದೆ. 1722ರಿಂದ 1735ರವರೆಗೆ ಆಳಿದ ಚಿಂಗ್ ವಂಶದ ಯೊಂಗ್‌ಜೆಂಗ್ ಚಕ್ರವರ್ತಿಯ ಗುಪ್ತ ಹಂತಕರ ಬಳಿ ಇಂಥ ಆಯುಧವಿತ್ತೆಂಬುದು ಚೀನಾದ ದಂತಕತೆ. ಕಣ್ಣು ಕಾಣದ ಸನ್ಯಾಸಿ ದಾರಿಯಲ್ಲಿ ಸಿಕ್ಕ ಒಂಟಿಗೈಯವರನ್ನೆಲ್ಲ ತನ್ನ ಶತ್ರುವೆಂದೇ ತಿಳಿದು ಕೊಲ್ಲುತ್ತಾ ಬರುತ್ತಾನೆ. ನಡುವೆ ಒಂದು ದೊಡ್ಡ ಕಾಳಗದ ಪಂದ್ಯ. ಅದರಲ್ಲಿ ಥಾಯ್ ಬಾಕ್ಸರ್ ಒಬ್ಬನಿದ್ದಾನೆ, ಜಪಾನಿನ ಯೋಧನಿದ್ದಾನೆ, ಬೇಕೆಂದಾಗ ಕೈಗಳನ್ನು ಮಾರುದ್ದ ಚಾಚಬಲ್ಲ ಭಾರತದ ಯೋಗಿಯೂ ಇದ್ದಾನೆ. ಸನ್ಯಾಸಿ ಕಾಣಿಸಿಕೊಂಡಾಗ ಕಿವಿಗೆ ಅಪ್ಪಳಿಸುವ ಆ ಒರಟು ಸಂಗೀತ ಜರ್ಮನಿಯ 'ನೋಯ್' ಎಂಬ ತಂಡದ್ದು.

ಇಷ್ಟು ಕೇಳಿದರೆ ಹುಚ್ಚಾಟ ಅನ್ನಿಸುವುದು ಸಹಜ. ಅದಕ್ಕೆ ಕಾರಣ ನಮ್ಮ ಕೈಯಲ್ಲಿರುವ ಅಳತೆಗೋಲು. ಕುಂಗ್‌ಫು ಎಂದೊಡನೆ ನಮಗೆ ನೆನಪಾಗುವುದು ಬ್ರೂಸ್ ಲೀ, 1973ರ 'ಎಂಟರ್ ದ ಡ್ರ್ಯಾಗನ್'. ಆತನ ಹೊಡೆತ ನಿಜವೆನ್ನಿಸುತ್ತದೆ, ಬೀದಿಯಲ್ಲಿ ನಡೆದ ಜಗಳದಂತೆ ಮೈಗೆ ತಾಗುತ್ತದೆ. ಆ ಕೋಲಿನಿಂದ ಅಳೆದರೆ ಹಾರುವ ಟೋಪಿ ಸೋಲಲೇಬೇಕು. ಆದರೆ ಹಾಂಗ್‌ಕಾಂಗಿನ ಈ ಸಿನಿಮಾಗಳ ತವರು ಬೀದಿಯ ಜಗಳವಲ್ಲ, ರಂಗಭೂಮಿ.

ಚೀನಾದ ಪೀಕಿಂಗ್ ಒಪೆರಾ ಸ್ವಭಾವದಲ್ಲಿ ನಮ್ಮ ಯಕ್ಷಗಾನಕ್ಕೆ ಬಹಳ ಹತ್ತಿರ. ಮುಖದ ಬಣ್ಣ ನೋಡಿಯೇ ಪಾತ್ರದ ಗುಣ ಹೇಳಬಹುದು. ಮಾತು, ಹಾಡು, ಕುಣಿತ, ಲಾಗ ಎಲ್ಲವೂ ತಾಳಕ್ಕೆ ಕಟ್ಟುಬಿದ್ದಿವೆ. ಅಲ್ಲಿ 'ಲಿಯಾಂಗ್‌ಶಿಯಾಂಗ್' ಎಂಬ ಒಂದು ಗಳಿಗೆ ಉಂಟು: ನಟ ರಭಸದಿಂದ ಸುತ್ತಿ ಬಂದು, ವಾದ್ಯದ ಒಂದು ಪೆಟ್ಟಿಗೆ ಸರಿಯಾಗಿ ಥಟ್ಟನೆ ನಿಂತು, ಕಣ್ಣರಳಿಸಿ, ಇಡೀ ದೇಹವನ್ನು ಶಿಲ್ಪದಂತೆ ಸಭೆಗೆ ತೋರುತ್ತಾನೆ. ಹಳೆಯ ಕುಂಗ್‌ಫು ಸಿನಿಮಾದಲ್ಲಿ ಇಬ್ಬರು ಹತ್ತು ಪೆಟ್ಟು ಕೊಟ್ಟು ಪಡೆದು, ದೂರ ಸರಿದು, ಕೈಬೆರಳು ಮಡಚಿ ಸ್ತಬ್ಧರಾಗಿ ನಿಲ್ಲುತ್ತಾರಲ್ಲ, ಅದು ಇದೇ. "ಈಗಲೇ ಹೋಗಿ ಹೊಡೆಯಬಾರದೇ, ಸುಮ್ಮನೆ ಯಾಕೆ ನಿಂತಿದ್ದಾನೆ?" ಎಂದು ಕೇಳುವವರು ಚೆಂಡೆಯ ಬಿಡ್ತಿಗೆಯ ಪೆಟ್ಟಿಗಾಗಿ ಕಾಯುವ ಯಕ್ಷಗಾನದ ವೇಷಧಾರಿಯನ್ನು ಹಾಗೆ ಕೇಳುವುದಿಲ್ಲ.

ಬಾಗಿಲಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಯಕ್ಷಗಾನದ ತೆಂಕುತಿಟ್ಟಿನ ಆಟದಲ್ಲಿ ರಾಕ್ಷಸನ ಬಣ್ಣದ ವೇಷ ರಂಗಕ್ಕೆ ಸುಮ್ಮನೆ ನಡೆದು ಬರುವುದಿಲ್ಲ. ಇಬ್ಬರು ತೆರೆ ಹಿಡಿಯುತ್ತಾರೆ. ತೆರೆಯ ಮೇಲೆ ಕಿರೀಟದ ತುದಿ ಕಾಣುತ್ತದೆ, ಮರೆಯಾಗುತ್ತದೆ. ಚೆಂಡೆ ಏರುತ್ತದೆ. ಆರ್ಭಟ ಕೇಳುತ್ತದೆ. ಮುಖ ಪೂರ್ತಿ ಕಾಣುವ ಹೊತ್ತಿಗೆ ನಿದ್ದೆಗಣ್ಣಿನ ಮಕ್ಕಳೆಲ್ಲ ಎದ್ದು ಕೂತಿರುತ್ತಾರೆ. ಪಕ್ಕದಿಂದ ಬಂದು ಕುರ್ಚಿಯಲ್ಲಿ ಕೂರಬಹುದಿತ್ತಲ್ಲ ಎಂದು ಯಾರೂ ಹೇಳುವುದಿಲ್ಲ, ಯಾಕೆಂದರೆ ರಾಕ್ಷಸನ ಬಲ ಎಷ್ಟೆಂದು ಆ ಪ್ರವೇಶವೇ ಹೇಳುತ್ತದೆ. ಮಾಡು ಸೀಳಿದ ಸನ್ಯಾಸಿಯದೂ ಒಡ್ಡೋಲಗ, ಅಂದರೆ ಅಂಥದೇ ಅಬ್ಬರದ ಪ್ರವೇಶ. ಅವನ ದುಃಖ ಮತ್ತು ಸಿಟ್ಟು ಒಂದು ಗುಡಿಸಲಿನೊಳಗೆ ಹಿಡಿಸುವಂಥದಲ್ಲ ಎಂಬುದನ್ನು ಮಾತಿಲ್ಲದೆ ಹೇಳುವ ಬಗೆ ಅದು.

ನಟರಲ್ಲಿ ಹಲವರು ಆ ರಂಗಭೂಮಿಯಲ್ಲೇ ಬೆಳೆದವರು. ಜಾಕಿ ಚಾನ್, ಸಾಮೊ ಹಂಗ್, ಯೂನ್ ಬಿಯಾವ್ ಮೂವರೂ ಹಾಂಗ್‌ಕಾಂಗಿನಲ್ಲಿ ಯು ಜಿಮ್ ಯೂನ್ ಎಂಬ ಗುರುಗಳ ಒಪೆರಾ ಶಾಲೆಯಲ್ಲಿ ಬಾಲ್ಯ ಕಳೆದವರು. ಚಾನ್ ಅಲ್ಲಿದ್ದದ್ದು ಸುಮಾರು ಹತ್ತು ವರ್ಷ. ಒಪೆರಾ ನೋಡುವ ಜನ ಕಡಿಮೆಯಾಗಿ, ಸಿನಿಮಾ ಬೆಳೆಯುತ್ತಿದ್ದ ಕಾಲ ಅದು. ಲಾಗ ಹಾಕಲು ಪಳಗಿದ ಮೈಗಳು ಸ್ಟುಡಿಯೊಗಳ ಬಾಗಿಲಿಗೆ ಬಂದವು. 1961ರಲ್ಲಿ ಕ್ಲಿಯರ್‌ವಾಟರ್ ಬೇಯಲ್ಲಿ ತೆರೆದ ಶಾ ಸಹೋದರರ 'ಮೂವಿಟೌನ್' ಇವರ ಶ್ರಮವನ್ನು ಕಾರ್ಖಾನೆಯ ವೇಗದಲ್ಲಿ ಸಿನಿಮಾವಾಗಿಸಿತು. ಅದೇ ಬೀದಿ, ಅದೇ ಹೋಟೆಲು, ಅದೇ ಸೇತುವೆ ಹತ್ತಾರು ಚಿತ್ರಗಳಲ್ಲಿ ಕಾಣುವುದು ಅದಕ್ಕೇ.

ಇನ್ನು ಕೈಚಳಕ. ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ಗಳಂತೆ, ಅಂದರೆ 24 ಬಿಡಿ ಚಿತ್ರಗಳಂತೆ, ತೆರೆಯ ಮೇಲೆ ಓಡುತ್ತದೆ. ಕಾಳಗವನ್ನು ಸೆಕೆಂಡಿಗೆ 20 ಫ್ರೇಮ್‌ಗಳಂತೆ ಚಿತ್ರಿಸಿದರೆ? ನಟರು ಹನ್ನೆರಡು ಸೆಕೆಂಡು ಕಾದಾಡಿದ್ದು 240 ಫ್ರೇಮ್ ಆಗುತ್ತದೆ. ಅದು ತೆರೆಯ ಮೇಲೆ ಹತ್ತೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಕೈಕಾಲು ಮಿಂಚಿದಂತೆ ಕಾಣುವುದು ಹೀಗೆ. ಇದನ್ನು ಮಿತಿಮೀರಿ ಮಾಡಿದರೆ ಗೊಂಬೆಯಾಟದಂತೆ ಕಾಣುತ್ತದೆ, ಹದ ತಿಳಿದವರು ಮಾಡಿದರೆ ಗೊತ್ತೇ ಆಗುವುದಿಲ್ಲ. ಗೋಡೆಯ ಮೇಲಿಂದ ಕೆಳಕ್ಕೆ ಜಿಗಿದದ್ದನ್ನು ತಿರುಗುಮುರುಗಾಗಿ ಓಡಿಸಿದರೆ ನೆಲದಿಂದ ಗೋಡೆಗೆ ನೆಗೆದಂತೆ ಕಾಣುತ್ತದೆ. ಇನ್ನು ಕೆಲವು ನೆಗೆತಗಳಿಗೆ ಮೈಯನ್ನು ಮೇಲಕ್ಕೆ ಚಿಮ್ಮಿಸುವ ಟ್ರ್ಯಾಂಪೊಲಿನ್ ಬೇಕು. ಕಿಂಗ್ ಹೂ ಎಂಬ ನಿರ್ದೇಶಕರು ಇದನ್ನು ಕಾವ್ಯದ ಮಟ್ಟಕ್ಕೆ ಒಯ್ದರು. ನೆಗೆಯುವುದು, ಗಾಳಿಯಲ್ಲಿರುವುದು, ಇಳಿಯುವುದು ಮೂರನ್ನೂ ಬೇರೆ ಬೇರೆಯಾಗಿ ಚಿತ್ರಿಸಿ, ಕೆಲವೇ ಫ್ರೇಮ್‌ಗಳ ತುಂಡುಗಳಾಗಿ ಜೋಡಿಸಿದರು. ನಡುವಿನದನ್ನು ನೋಡುಗನ ಕಣ್ಣೇ ಹೊಲಿದುಕೊಳ್ಳುತ್ತದೆ. ಅವರ 'ಎ ಟಚ್ ಆಫ್ ಜೆನ್' ಚಿತ್ರಕ್ಕೆ 1975ರ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತಾಂತ್ರಿಕ ಪ್ರಶಸ್ತಿ ಬಂತು. ಅದರ ಬಿದಿರು ಮೆಳೆಯ ಕಾಳಗವನ್ನು ಕೊಡಗಿನವರು ಒಮ್ಮೆಯಾದರೂ ನೋಡಬೇಕು. ಬಿದಿರಿನ ನಡುವೆ ಇಳಿಯುವ ಬೆಳಕು ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಶಬ್ದದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಜನ ಹೆಚ್ಚು ನಗುವುದು ಅದಕ್ಕೇ. ತುಟಿ ಮುಚ್ಚಿದ ಮೇಲೂ ಮಾತು ಮುಂದುವರಿಯುತ್ತದೆ. ಮುಷ್ಟಿ ಬೀಸಿದರೆ ಚಾಟಿ ಹೊಡೆದ ಸದ್ದು ಬರುತ್ತದೆ. ಆ ಕಾಲದ ಹಾಂಗ್‌ಕಾಂಗ್ ಸಿನಿಮಾಗಳಲ್ಲಿ ಬಹುಪಾಲು ಚಿತ್ರೀಕರಣದ ಹೊತ್ತಿಗೆ ಧ್ವನಿ ಮುದ್ರಿಸುತ್ತಲೇ ಇರಲಿಲ್ಲ. ಸೆಟ್ಟಿನಲ್ಲಿ ಒಬ್ಬ ಮ್ಯಾಂಡರಿನ್ ಆಡಿದರೆ ಇನ್ನೊಬ್ಬ ಕ್ಯಾಂಟನೀಸ್ ಆಡುತ್ತಿದ್ದ. ಮಾತನ್ನೆಲ್ಲ ಆಮೇಲೆ ಕಂಠದಾನ ಕಲಾವಿದರು ತುಂಬುತ್ತಿದ್ದರು. ಅಂದರೆ ಇಂಗ್ಲಿಷ್ ಡಬ್ಬಿಂಗ್ ಮಾತ್ರವಲ್ಲ, ಮೂಲವೆಂದು ನಾವು ತಿಳಿಯುವ ಚೀನೀ ಆವೃತ್ತಿಯೂ ಡಬ್ ಆದದ್ದೇ. ಒಂದೊಂದು ಹೊಡೆತದ ಸದ್ದನ್ನೂ ಹೀಗೆಯೇ ಆಮೇಲೆ ಕೂರಿಸಿದ್ದು.

ಹುಡುಗನಿಗೆ ಇದನ್ನು ಬಾಯಲ್ಲಿ ಹೇಳುವ ಬದಲು ಒಂದು ಪ್ರಯೋಗ ಮಾಡಿಸಿದೆ. ಪಂದ್ಯದ ಒಂದು ಕಾಳಗವನ್ನು ಶಬ್ದ ಪೂರ್ತಿ ತೆಗೆದು ನೋಡಿದೆವು. ಮಾಡಿನ ಮೇಲಿನ ಮಳೆಯೊಂದೇ ಸದ್ದು. ಇಬ್ಬರು ಗಂಡಸರು ಒಬ್ಬರಿಗೊಬ್ಬರು ತಾಗದಂತೆ ಎಚ್ಚರಿಕೆಯಿಂದ ಕೈ ಬೀಸುತ್ತಿದ್ದದ್ದು ಚೆನ್ನಾಗಿ ಕಾಣಿಸಿತು. ಒಬ್ಬನ ಮುಷ್ಟಿ ಇನ್ನೊಬ್ಬನ ಕೆನ್ನೆಗಿಂತ ಗೇಣು ದೂರದಲ್ಲೇ ನಿಂತಿತ್ತು. ಅದೇ ತುಣುಕನ್ನು ಶಬ್ದ ಹಾಕಿ ಮತ್ತೆ ನೋಡಿದೆವು. ಟಕ್, ಟಕ್, ಟಕಟಕ್, ಒಂದು ಬಿಡುವು, ಧಡ್! ಮೂರನೆಯ ಸಲ ಅವನಿಗೆ ಕಣ್ಣು ಮುಚ್ಚಲು ಹೇಳಿದೆ. ಹುಡುಗ ಕಣ್ಣು ಮುಚ್ಚಿಕೊಂಡೇ ತೊಡೆಯ ಮೇಲೆ ಬೆರಳಿನಿಂದ ಬಡಿಯತೊಡಗಿದ. ತಾಳ ಸಿಕ್ಕಿತ್ತು. ಆ ಮೇಲೆ ಅವನು ನಗಲಿಲ್ಲ, ಅಥವಾ ನಕ್ಕರೂ ಆ ನಗು ಬೇರೆಯಾಗಿತ್ತು.

"ಮಾಮ, ಇದು ನಮ್ಮ ಮಂಟಪದ ಹಾಗೆಯೇ" ಎಂದ. ಅವನು ಹಾಗೆ ಹೇಳಲು ಕಾರಣವಿದೆ. ಮಡಿಕೇರಿ ದಸರಾದ ವಿಜಯದಶಮಿ ರಾತ್ರಿ ಹತ್ತು ದೇವಾಲಯಗಳ ಮಂಟಪಗಳು ಟ್ರ್ಯಾಕ್ಟರುಗಳ ಮೇಲೆ ಊರಿನ ಬೀದಿಗೆ ಇಳಿಯುತ್ತವೆ. ಆಳೆತ್ತರ ಮೀರಿದ ದೇವತೆಗಳು, ರಾಕ್ಷಸರು. ಅವರ ಕೈ ಎತ್ತುತ್ತದೆ, ತಲೆ ತಿರುಗುತ್ತದೆ, ಹೊಗೆ ಏಳುತ್ತದೆ, ಬೆಳಕು ಬಣ್ಣ ಬದಲಿಸುತ್ತದೆ, ಅಸುರ ಉರುಳುತ್ತಾನೆ. ಬೆಳಗಿನ ಜಾವದ ಚಳಿಯಲ್ಲಿ ಕಂಬಳಿ ಹೊದ್ದು ಸಾವಿರಾರು ಜನ ಅದನ್ನು ಕಾಯುತ್ತಾರೆ. ಕಳೆದ ವರ್ಷ ಈ ಹುಡುಗ ಒಂದು ಮಂಟಪದ ತಂಡದಲ್ಲಿದ್ದ. ಅಸುರನ ಒಂದು ಕೈಯನ್ನು ಎತ್ತಿ ಇಳಿಸುವ ಕೆಲಸ ಅವನದು. ಕಬ್ಬಿಣದ ಚೌಕಟ್ಟು, ಬೆಸುಗೆ, ಮೋಟರು ಎಲ್ಲ ಅವನಿಗೆ ಗೊತ್ತು. ಗೊತ್ತಿದ್ದೂ, ತೀರ್ಪುಗಾರರ ಮುಂದೆ ಸಂಗೀತ, ಬೆಳಕು ಮತ್ತು ಕೈ ಒಂದೇ ಕ್ಷಣಕ್ಕೆ ಕೂಡಿಬಂದಾಗ ತನಗೇ ರೋಮಾಂಚನವಾಯಿತು ಎಂದು ಅಂದು ಮನೆಗೆ ಬಂದು ಹೇಳಿದ್ದ. ಹಳೆಯ ಕುಂಗ್‌ಫು ಸಿನಿಮಾದ ಸುಖ ನಿಖರವಾಗಿ ಇದೇ ಜಾತಿಯದು. ನಟನನ್ನು ಹಾರಿಸುವ ತಂತಿ ಕಾಣಿಸಿತು ಎಂಬುದರಿಂದ ಅದು ಕಡಿಮೆಯಾಗುವುದಿಲ್ಲ. ಕಂಡರೂ ಮೈ ಜುಂ ಎನ್ನುತ್ತದೆ.

ಮಂಟಪದ ಕತೆಗಳನ್ನೇ ಇನ್ನೂ ಸ್ವಲ್ಪ ಹಿಡಿದು ಮುಂದೆ ಹೋಗೋಣ, ಯಾಕೆಂದರೆ ಈ ಚಿತ್ರಗಳ ಕಥೆಯ ಕೀಲಿಕೈ ಕೂಡ ಅಲ್ಲಿದೆ. ಹಿರಣ್ಯಕಶಿಪುವಿಗೆ ಮನುಷ್ಯನಿಂದ ಸಾವಿಲ್ಲ, ಮೃಗದಿಂದ ಸಾವಿಲ್ಲ. ಹಗಲೂ ಇಲ್ಲ, ಇರುಳೂ ಇಲ್ಲ. ಮನೆಯ ಒಳಗೂ ಇಲ್ಲ, ಹೊರಗೂ ಇಲ್ಲ. ಕತೆ ಕೇಳುವ ಮಗುವಿಗೆ ಅಸುರ ಸಾಯುತ್ತಾನೆಂಬುದು ಮೊದಲೇ ಗೊತ್ತು. ವರದಲ್ಲಿ ಸಂದು ಎಲ್ಲಿದೆ ಎಂಬುದೇ ಅದರ ಕುತೂಹಲ. ಮುಸ್ಸಂಜೆ, ಹೊಸ್ತಿಲು, ನರಸಿಂಹ ಎಂದಾಗ ಮಗು ಚಪ್ಪಾಳೆ ತಟ್ಟುತ್ತದೆ. ಕುಂಗ್‌ಫು ಖಳನ ವಿಚಿತ್ರ ಶಕ್ತಿಯೂ ಒಂದು ವರ. ಒಬ್ಬನ ಮೈಗೆ ಕತ್ತಿ ನಾಟುವುದಿಲ್ಲ, ಇನ್ನೊಬ್ಬನ ಕೈ ಉದ್ದವಾಗುತ್ತದೆ, ಮತ್ತೊಬ್ಬ ಕಿವಿಯಿಂದಲೇ ನೋಡುತ್ತಾನೆ. ಪ್ರತಿ ಕಾಳಗವೂ ಆ ವರದ ಸಂದು ಹುಡುಕುವ ಒಗಟು. ಹೀಗೆ ನೋಡಲು ಕಲಿತರೆ "ಇದು ಸಾಧ್ಯವೇ?" ಎಂಬ ಪ್ರಶ್ನೆ ತಾನಾಗಿ ಹಿಂದೆ ಸರಿದು, "ಇವನನ್ನು ಹೇಗೆ ಸೋಲಿಸುತ್ತಾನೆ?" ಎಂಬುದು ಮುಂದೆ ಬರುತ್ತದೆ.

ಥಾಯ್ ಬಾಕ್ಸರಿನ ಪ್ರಸಂಗ ಇದಕ್ಕೆ ಒಳ್ಳೆಯ ಉದಾಹರಣೆ. ಆತನ ಒದೆತ, ಮೊಣಕೈ ಪೆಟ್ಟು ಎರಡೂ ಭಯಂಕರ. ಎದುರಿಗೆ ನಿಂತು ಗೆಲ್ಲುವಂತಿಲ್ಲ. ಆದರೆ ಆತ ಹೋರಾಡುವುದು ಬರಿಗಾಲಿನಲ್ಲಿ. ನಾಯಕ ಆತನನ್ನು ಒಂದು ಮನೆಯೊಳಗೆ ಸೆಳೆಯುತ್ತಾನೆ. ಆ ಮನೆಯ ನೆಲ ಕಬ್ಬಿಣದ ತಗಡು. ಹೊರಗೆ ಶಿಷ್ಯರು ನೆಲದಡಿಗೆ ಬೆಂಕಿ ಹಾಕುತ್ತಾರೆ. ಮೊದಮೊದಲು ಆ ಬಾಕ್ಸರಿಗೆ ಏನೂ ತಿಳಿಯುವುದಿಲ್ಲ. ಆಮೇಲೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸತೊಡಗುತ್ತಾನೆ. ಕಾಲೂರಿ ಒದೆಯಬೇಕಾದವನಿಗೆ ಊರಲು ನೆಲವೇ ಇಲ್ಲದಂತಾಗುತ್ತದೆ. ಅವನ ಶಕ್ತಿಯ ಬುಡವನ್ನೇ ನಾಯಕ ಕಿತ್ತುಕೊಂಡ. ಕಾದ ಕಾವಲಿಯ ಮೇಲೆ ನೀರಿನ ಹನಿ ಕುಣಿಯುವುದನ್ನು ನೋಡಿದ ಯಾರಿಗಾದರೂ ಆ ದೃಶ್ಯ ಪಾದಕ್ಕೇ ತಾಗುತ್ತದೆ.

"ಇದು ಮೋಸವಲ್ಲವೇ?" ಎಂದು ಹುಡುಗ ಕೇಳಿದ. ಭೀಮ ತೊಡೆಗೆ ಹೊಡೆದಾಗ ಬಲರಾಮ ಸಿಡಿದೆದ್ದದ್ದೂ ಇದೇ ಮಾತಿಗೆ. ಹೌದು, ನಾಯಕ ಇಲ್ಲಿ ಸಭ್ಯನಲ್ಲ. ಒಂದೇ ಕೈಯಿರುವವನು ಬುದ್ಧಿಯನ್ನು ಎರಡನೆಯ ಕೈ ಮಾಡಿಕೊಂಡಿದ್ದಾನೆ. ಆ ಬುದ್ಧಿಗೆ ಕರುಣೆ ಇಲ್ಲ ಎಂಬುದು ಮನಸ್ಸನ್ನು ಸ್ವಲ್ಪ ಕೊರೆಯುತ್ತದೆ, ಮತ್ತು ಚಿತ್ರ ಅದನ್ನು ಮುಚ್ಚಿಡುವುದಿಲ್ಲ. ನನಗೆ ಈ ಚಿತ್ರ ಇಷ್ಟವಾಗಲು ಅದೂ ಒಂದು ಕಾರಣ.

ಕಾಳಗಕ್ಕೆ ನಿಯಮ ಕಟ್ಟಿ ಆಡುವುದು ಕೊಡಗಿಗೆ ಹೊಸತಲ್ಲ. ಸುಗ್ಗಿಯ ಹಬ್ಬವಾದ ಪುತ್ತರಿಯ ಹೊತ್ತಿಗೆ ಊರ ಬಯಲಾದ ಮಂದ್‌ನಲ್ಲಿ ನಡೆಯುವ ಪರೆಯ ಕಳಿಯನ್ನು ಬೆತ್ತ, ಗುರಾಣಿ ಹಿಡಿದು ಆಡುತ್ತಾರೆ. ಪೆಟ್ಟು ಮೊಣಕಾಲಿನ ಕೆಳಗೆ ಮಾತ್ರ. ಬೀಳುವ ಪೆಟ್ಟು ನಿಜವಾದದ್ದೇ, ಕಾಲಿನ ಮೇಲೆ ಬರೆ ಏಳುತ್ತದೆ. ಆದರೂ ಅದು ಜಗಳವಲ್ಲ, ಎಲ್ಲರೂ ಸುತ್ತ ನಿಂತು ನೋಡುವ ಆಟ. ಅದನ್ನು ನೋಡಿ ಬೆಳೆದವರಿಗೆ ಕುಂಗ್‌ಫು ಸಿನಿಮಾದ ಒಳಗೆ ಹೋಗಲು ಅರ್ಧ ದಾರಿ ಆಗಲೇ ಸವೆದಿರುತ್ತದೆ.

ಹಾಗಾದರೆ ಎಲ್ಲವೂ ಬರಿಯ ಕೈಚಳಕವೇ? ಖಂಡಿತ ಅಲ್ಲ. ಲಾವ್ ಕಾರ್ ಲ್ಯೂಂಗ್ ಎಂಬ ನಿರ್ದೇಶಕರ ಗುರುಪರಂಪರೆ ನೋಡಿ. ಅವರಿಗೆ ವಿದ್ಯೆ ಕಲಿಸಿದ್ದು ತಂದೆ. ತಂದೆಯ ಗುರು ಲಾಮ್ ಸಾಯ್ ವಿಂಗ್. ಅವರ ಗುರು ದಕ್ಷಿಣ ಚೀನಾದ ಹೆಸರಾಂತ ವೈದ್ಯ ಮತ್ತು ಯುದ್ಧಕಲಾವಿದ ವಾಂಗ್ ಫೇ ಹುಂಗ್. ಈ ಲಾವ್ 1978ರಲ್ಲಿ ಮಾಡಿದ 'ದ 36ತ್ ಚೇಂಬರ್ ಆಫ್ ಶಾವೊಲಿನ್' ಚಿತ್ರದಲ್ಲಿ ದೊಡ್ಡ ಭಾಗ ಹೊಡೆದಾಟವೇ ಅಲ್ಲ, ಕಲಿಕೆ. ಗಾರ್ಡನ್ ಲಿಯು ನಟಿಸಿದ ಯುವಕ ಶಾವೊಲಿನ್ ಮಠದ ಒಂದೊಂದೇ ಕೋಣೆ ದಾಟುತ್ತಾನೆ. ನೀರಿನ ಬಕೆಟುಗಳನ್ನು ಚಾಚಿದ ಕೈಗಳಲ್ಲಿ ಹೊರಬೇಕು. ತೋಳಿಗೆ ಕಟ್ಟಿದ ಚೂರಿಗಳ ಮೊನೆ ಪಕ್ಕೆಲುಬಿನ ಕಡೆಗೆ ತಿರುಗಿದೆ. ಕೈ ಸೋತು ಇಳಿದರೆ ತನ್ನ ಮೈಗೇ ಚುಚ್ಚುತ್ತದೆ. ಇನ್ನೊಂದು ಕೋಣೆಯಲ್ಲಿ ಉದ್ದ ಕೋಲಿನ ತುದಿಯ ಭಾರವನ್ನು ಮಣಿಕಟ್ಟಿನ ಬಲದಿಂದಲೇ ಎತ್ತಿ ಗಂಟೆ ಬಾರಿಸಬೇಕು. ಕಾಫಿ ಕೊಯ್ಲಿನ ಕಾಲದಲ್ಲಿ ಚೀಲ ಹೊತ್ತು ಏರು ಹತ್ತಿದವರಿಗೆ ಆ ಭುಜಗಳ ನಡುಕ ಗೊತ್ತಾಗುತ್ತದೆ. ಹೊಸಬರು ಮೊದಲು ಈ ಚಿತ್ರ ನೋಡಿ, ಆಮೇಲೆ ಹಾರುವ ಟೋಪಿಗೆ ಬರುವುದು ಒಳ್ಳೆಯದು. ಎಷ್ಟು ಬೆವರಿನ ಮೇಲೆ ಆ ಅತಿರೇಕ ನಿಂತಿದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

ಹಾರುವ ಟೋಪಿಯ ಚಿತ್ರದ ಕುಂದುಗಳನ್ನೂ ಹೇಳಬೇಕು. ಭಾರತದ ಯೋಗಿಯಾಗಿ ನಟಿಸಿದವರು ಮುಖಕ್ಕೆ ಕಪ್ಪು ಬಣ್ಣ ಬಳಿದುಕೊಂಡ ಚೀನೀ ನಟ. ಪರದೇಶದವರೆಲ್ಲ ಇಲ್ಲಿ ವಿಚಿತ್ರ ಪ್ರಾಣಿಗಳಂತೆ ಬರುತ್ತಾರೆ. ನನಗೆ ಅದು ಇವತ್ತಿಗೂ ಹಿತವೆನ್ನಿಸುವುದಿಲ್ಲ. ಈ ಚಿತ್ರದಲ್ಲಿ ಹೆಣ್ಣಿಗೂ ಹೆಚ್ಚು ಕೆಲಸವಿಲ್ಲ. ಅದು ಬೇಕೆನ್ನುವವರು ಕಿಂಗ್ ಹೂ 1966ರಲ್ಲಿ ಮಾಡಿದ 'ಕಮ್ ಡ್ರಿಂಕ್ ವಿತ್ ಮಿ' ನೋಡಲಿ, ಅದರಲ್ಲಿ ನಟಿ ಚೆಂಗ್ ಪೇ ಪೇ ಕತ್ತಿ ಹಿಡಿದು ಇಡೀ ಹೋಟೆಲನ್ನು ತಣ್ಣಗೆ ಎದುರಿಸಿ ಕೂರುವ ದೃಶ್ಯವಿದೆ.

ನೋಡುವ ಮುನ್ನ ಒಂದು ಎಚ್ಚರಿಕೆ. ಸಣ್ಣವನಿದ್ದಾಗ ಚಿಕ್ಕಪ್ಪ ವಿಸಿಆರ್ ಬಾಡಿಗೆಗೆ ತಂದು ಇಡೀ ರಾತ್ರಿ ಕ್ಯಾಸೆಟ್ ಹಾಕುತ್ತಿದ್ದರು. ಅದರಲ್ಲಿ ಎಷ್ಟೋ ಸಲ ಒಬ್ಬನೇ ಗಾಳಿಗೆ ಗುದ್ದುತ್ತಿದ್ದ. ಎದುರಾಳಿ ಕಾಣುತ್ತಲೇ ಇರಲಿಲ್ಲ. ಬಹಳ ವರ್ಷಗಳ ಮೇಲೆ ಕಾರಣ ತಿಳಿಯಿತು. ಈ ಚಿತ್ರಗಳನ್ನು ಎತ್ತರದ 2.35 ಪಟ್ಟು ಅಗಲವಿರುವ ತೆರೆಗಾಗಿ ತೆಗೆದಿದ್ದರು. ಹಳೆಯ ಟಿವಿಯ ಅಗಲ ಎತ್ತರದ 1.33 ಪಟ್ಟು ಮಾತ್ರ. ತೆರೆ ತುಂಬಲೆಂದು ಎರಡೂ ಬದಿ ಕತ್ತರಿಸಿದಾಗ ಚಿತ್ರದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಹೋಯಿತು, ಎದುರಾಳಿಯೂ ಅದರ ಜೊತೆಗೇ ಹೋದ. ಈಗ ಹಲವು ಚಿತ್ರಗಳ ಶುದ್ಧಗೊಳಿಸಿದ ಪ್ರತಿಗಳು ಪೂರ್ಣ ಅಗಲದಲ್ಲಿ ಸಿಗುತ್ತವೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಬರಲಿ, ಅದನ್ನೇ ಆರಿಸಿ. ಒಬ್ಬರೇ ಮೊಬೈಲಿನಲ್ಲಿ ನೋಡಬೇಡಿ. ನಾಲ್ಕು ಜನ, ದೊಡ್ಡ ತೆರೆ, ಕಿವಿ ತುಂಬುವ ಶಬ್ದ ಇರಲಿ. ಗುಂಪಿನಲ್ಲಿ ಒಬ್ಬರು "ಓಹ್" ಎಂದಾಗಲೇ ಉಳಿದವರ ಮೈಯಲ್ಲೂ ಅದು ಹರಿಯುವುದು.

ಆ ರಾತ್ರಿ ನಮ್ಮ ಬ್ಯಾಟರಿ ಕೊನೆಯ ಕಾಳಗದವರೆಗೂ ಬಂತು. ಅದು ನಡೆಯುವುದು ಶವಪೆಟ್ಟಿಗೆ ಮಾಡುವ ಅಂಗಡಿಯಲ್ಲಿ. ಕುರುಡ ಸನ್ಯಾಸಿ ಬರುವ ಮೊದಲೇ ಒಂಟಿಗೈಯವನು ಅಲ್ಲಿ ಕೈಗೊಡಲಿಗಳನ್ನು ಸ್ಪ್ರಿಂಗಿನಿಂದ ಚಿಮ್ಮುವಂತೆ ಹೂಡಿಟ್ಟಿದ್ದಾನೆ. ಕೊನೆಗೆ ಏನಾಯಿತೆಂದು ಹೇಳುವುದಿಲ್ಲ. ಮೊದಲ ಕೊಡಲಿ ಗೋಡೆಯಿಂದ ಹಾರಿದ ಕೂಡಲೇ ಹುಡುಗ ಕೈ ಚಾಚಿ ಚಿತ್ರ ನಿಲ್ಲಿಸಿದ. ಹತ್ತು ಸೆಕೆಂಡು ಹಿಂದಕ್ಕೆ ಹೋದ, ಮತ್ತೆ ನೋಡಿದ, ಮತ್ತೆ ಹಿಂದಕ್ಕೆ ಹೋದ. ಬ್ಯಾಟರಿ ಕೆಂಪಾಗಿತ್ತು, ಬೇಗ ಮುಗಿಸೋಣ ಎಂದೆ. ಅವನು ಪರದೆಗೆ ಮುಖ ಹತ್ತಿಸಿಕೊಂಡು, "ಇರಿ ಮಾಮ, ಸ್ಪ್ರಿಂಗ್ ಎಲ್ಲಿ ಕೂರಿಸಿದ್ದಾರೆ ನೋಡಬೇಕು, ಈ ಸಲ ಮಂಟಪಕ್ಕೆ ಬೇಕಾಗುತ್ತದೆ" ಎಂದ.